ಸದ್ದು ಜೋರು, ದೋಣಿ ಮಾತ್ರ ನಿಂತಲ್ಲೇ

ಮಂಡ್ಯ ಜಿಲ್ಲೆಯ ಅಕ್ಕಿಹೆಬ್ಬಾಳಿನ ಪಕ್ಕದಲ್ಲಿ ಹರಿಯುವ ಹೇಮಾವತಿ ಮುಂದೆ ಕನ್ನಂಬಾಡಿ ಕಟ್ಟೆಯ ಹಿನ್ನೀರು ಸೇರುತ್ತದೆ. ಇಲ್ಲಿ ಮೀನು ಹಿಡಿಯಲು ಹರಿಗೋಲು, ತೆಪ್ಪ ಇದ್ದರೆ ಸಾಕು. ಮೋಟಾರಿನ ಸದ್ದು ಕೇಳಿಸುವುದು ಹೆಚ್ಚಾಗಿ ನೆರೆ ಬಂದಾಗ, ಇಲ್ಲವೇ ಯಾರಾದರೂ ನೀರುಪಾಲಾದಾಗ. ಅಗ್ನಿಶಾಮಕ ದಳದವರ ಬಾಯಲ್ಲಿ ‘ಓಬಿಎಂ’ ಆಗಿರುವ ಔಟ್‌ಬೋರ್ಡ್ ಎಂಜಿನ್ ಇಂಥ ಕರೆ ಬರುವವರೆಗೆ ಸುಮ್ಮನೆ ಕೂತಿರುತ್ತದೆ. ಕೂತಲ್ಲೇ ಕಾಯಿಲೆಯೂ ಅಂಟಿಕೊಳ್ಳುತ್ತದೆ.

1909ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಓಲೆ ಎವಿನ್ರೂಡ್ ಮಾರಾಟಕ್ಕೆ ತಂದ ಮೋಟಾರಿನಿಂದ ಇಂದಿನವರೆಗೂ ಏರ್ಪಾಡು ಒಂದೇ: ಮೇಲೆ ಎಂಜಿನ್, ನಡುವೆ ಉದ್ದನೆಯ ಶಾಫ್ಟ್, ಕೆಳಗೆ ಗೇರು ಮತ್ತು ಫ್ಯಾನ್. ಹಾಗಾಗಿ ನಡುನೀರಲ್ಲಿ ಶಕ್ತಿ ಕುಗ್ಗಿದರೆ ಕವಚ ಬಿಚ್ಚುವ ಮೊದಲು ಕಿವಿಗೊಡಬೇಕು. ಸದ್ದು ಏರುತ್ತಿದ್ದೂ ದೋಣಿ ಓಡುತ್ತಿಲ್ಲವೆಂದರೆ ತೊಂದರೆ ಕೆಳಗಿದೆ. ಫ್ಯಾನಿನ ಎಸಳು ಮುರಿದಿರಬಹುದು, ಒಳಗಿನ ರಬ್ಬರ್ ಬುಷ್ ಜಾರುತ್ತಿರಬಹುದು. ಬುಷ್ ಜಾರುವ ಮೋಟಾರು ನಿಧಾನಕ್ಕೆ ಓಡಿಸಿದರೆ ಸರಿಯಾಗೇ ಇರುತ್ತದೆ, ಆಕ್ಸಿಲರೇಟರ್ ಕೊಟ್ಟ ಕ್ಷಣ ಕೈಕೊಡುತ್ತದೆ. ಸದ್ದೇ ಏರದಿದ್ದರೆ ಮೊದಲು ಫ್ಯಾನಿಗೆ ಅಂತರಗಂಗೆಯೋ ಬಲೆಯ ಚೂರೋ ಸುತ್ತಿಕೊಂಡಿದೆಯೇ ನೋಡಿ, ಆಮೇಲೆ ಪೆಟ್ರೋಲಿನತ್ತ ತಿರುಗಬೇಕು.

ಟ್ಯಾಂಕಿನಿಂದ ಬರುವ ಪೈಪಿನ ನಡುವೆ ಕೈಯಲ್ಲಿ ಹಿಚುಕುವ ರಬ್ಬರ್ ಬಲ್ಬ್ ಇದೆಯಲ್ಲ, ಅದಕ್ಕಿಂತ ಒಳ್ಳೆಯ ವೈದ್ಯ ಇನ್ನೊಬ್ಬನಿಲ್ಲ. ಎಂಜಿನ್ ಸೊರಗಿದಾಗ ಅದನ್ನು ನಾಲ್ಕಾರು ಬಾರಿ ಹಿಚುಕಿದ ಕೂಡಲೇ ಓಟ ಮರಳಿದರೆ, ಎಂಜಿನ್ನಿಗೆ ಪೆಟ್ರೋಲ್ ಸಾಲುತ್ತಿಲ್ಲವೆಂದೇ ಅರ್ಥ. ಪಂಪು ಸೋತಿದೆ, ಇಲ್ಲವೇ ಪೈಪಿನ ಜೋಡಣೆಯಲ್ಲಿ ಗಾಳಿ ಎಳೆಯುತ್ತಿದೆ. ಬಲ್ಬ್ ತಾನಾಗಿ ಚಪ್ಪಟೆಯಾಗಿದ್ದರೆ ಅಡಚಣೆ ಟ್ಯಾಂಕಿನ ಕಡೆ. ಎಷ್ಟೋ ಸಲ ಟ್ಯಾಂಕ್ ಮುಚ್ಚಳದ ಗಾಳಿ ತಿರುಪನ್ನು ತೆರೆಯುವುದನ್ನೇ ಮರೆತಿರುತ್ತಾರೆ!

ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ಇನ್ನೊಂದು ತಲೆನೋವು. 2023ರಿಂದ ಬಂಕುಗಳಿಗೆ ಬರತೊಡಗಿದ ಪೆಟ್ರೋಲಿನಲ್ಲಿ 20% ಎಥೆನಾಲ್ ಇದೆ. ಕಬ್ಬಿನಿಂದಲೂ ತಯಾರಾಗುವ ಈ ಎಥೆನಾಲ್ ಮಂಡ್ಯದವರಿಗೆ ಅಪರಿಚಿತವೇನಲ್ಲ. ಅದು ಗಾಳಿಯ ತೇವ ಹೀರುತ್ತದೆ. ನೀರು ಮಿತಿ ಮೀರಿದರೆ ಪೆಟ್ರೋಲಿನಿಂದ ಬೇರೆಯಾಗಿ ನೀರಿನ ಜೊತೆ ತಳಕ್ಕಿಳಿಯುತ್ತದೆ, ಎಂಜಿನ್ ಎಳೆಯುವುದೂ ತಳದಿಂದಲೇ. ಅನೇಕ ಔಟ್‌ಬೋರ್ಡ್‌ಗಳ ಕೈಪಿಡಿಗಳು ಎಥೆನಾಲ್ 10% ಮೀರಕೂಡದು ಎನ್ನುತ್ತವೆ. ಕರಾವಳಿಯ ನಾಡದೋಣಿಯವರ ಪಾಡು ಬೇರೆ: ಪೆಟ್ರೋಲಿನಲ್ಲಿ ಎಬ್ಬಿಸಿ ಸೀಮೆಎಣ್ಣೆಯಲ್ಲಿ ಓಡಿಸುವ ಎಂಜಿನ್ನುಗಳಲ್ಲಿ ಪ್ಲಗ್ಗಿಗೆ ಮಸಿ ಹಿಡಿಯುವುದೇ ದೊಡ್ಡ ಕಾಟ.

ಕರಾವಳಿಯಲ್ಲಿ ಚುರುಕಾಗಿ ಓಡಿದ ಮೋಟಾರನ್ನು ಕನ್ನಂಬಾಡಿ ಹಿನ್ನೀರಿಗೆ ತಂದರೆ ಮಂಕಾಗುವುದುಂಟು, ಯಾವ ದೋಷವೂ ಇಲ್ಲದೆ. ಈ ಪ್ರದೇಶ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಪ್ರತಿ 300 ಮೀಟರಿಗೆ ಅಂದಾಜು 3% ಶಕ್ತಿ ಸೋರುತ್ತದೆಂಬ ಲೆಕ್ಕದಲ್ಲಿ ಇಲ್ಲಿ ಏಳೆಂಟು ಶೇಕಡ ಹೋಯಿತು. ಗಾಳಿ ತೆಳುವಾದದ್ದಕ್ಕೆ ಮೆಕ್ಯಾನಿಕ್ ಕಾರ್ಬುರೇಟರ್ ಕೆದಕಿ ಪ್ರಯೋಜನವೇನು? ಪಿಚ್, ಅಂದರೆ ಒಂದು ಸುತ್ತಿಗೆ ಮುಂದೊತ್ತುವ ದೂರ, ಕಡಿಮೆಯಿರುವ ಫ್ಯಾನ್ ಹಾಕಿದರೆ ಎಂಜಿನ್ ಮತ್ತೆ ತನ್ನ ವೇಗಕ್ಕೆ ಏರುತ್ತದೆ.

ಬಿಸಿಯಾದಾಗ ತಾನೇ ವೇಗ ತಗ್ಗಿಸಿಕೊಳ್ಳುವ ಎಂಜಿನ್ನುಗಳೂ ಇವೆ. ಎಂಜಿನ್ ತಂಪಾಗಿಸಿ ಪಕ್ಕದಿಂದ ಚಿಮ್ಮುವ ಸಣ್ಣ ನೀರಿನ ಧಾರೆ ನಿಂತಿದ್ದರೆ ತಕ್ಷಣ ಆಫ್ ಮಾಡಬೇಕು. ನೆರೆಯ ಕೆಸರು ನೀರೆಳೆಯುವ ಕಿಂಡಿಯನ್ನು ಬಲು ಬೇಗ ಕಟ್ಟುತ್ತದೆ.

ಫ್ಯಾನಿಗೆ ಸುತ್ತಿದ ಬಲೆಯ ದಾರವನ್ನು ಕತ್ತರಿಸಿ ಎಸೆದರಷ್ಟೇ ಸಾಲದು. ಶಾಫ್ಟಿನಲ್ಲಿ ಉಳಿದ ನೈಲಾನ್ ಎಳೆ ಸೀಲನ್ನು ಕುಯ್ಯುತ್ತಾ ಹೋಗಿ, ನೀರು ಗೇರಿನೊಳಗೆ ಇಳಿಯುತ್ತದೆ. ಗೇರ್ ಆಯಿಲ್ ತೆಗೆದಾಗ ಹಾಲಿನಂತೆ ಬೆಳ್ಳಗೆ ಕಂಡರೆ ಹೊಸ ಆಯಿಲ್ ಸುರಿಯುವ ಮುನ್ನ ಆ ಸೀಲನ್ನು ಬದಲಿಸಬೇಕು.