ದಾರಿ ಒಂದೇ, ವೇಗ ಬೇರೆ

ಪೇಟೆಯ ಬೀದಿಗಳಲ್ಲಿ ಸೈಕಲ್ ಸವಾರರಿಗೂ ವಾಹನ ಚಾಲಕರಿಗೂ ಮಾತಿಗೆ ಮಾತು ಬೆಳೆಯುವುದು ಇಂದು ಸಾಮಾನ್ಯವಾಗಿದೆ. ಸೈಕಲಿನವರು ಹಿಂದೆ ಮುಂದೆ ನೋಡದೆ ಅಡ್ಡ ಬರುತ್ತಾರೆಂದು ಚಾಲಕರು ದೂರುತ್ತಾರೆ. ಹಾರ್ನ್ ಬಾರಿಸಿ ತಮ್ಮನ್ನು ಚರಂಡಿಯ ಕಡೆಗೆ ದೂಡುತ್ತಾರೆಂಬುದು ಸವಾರರ ಅಳಲು. ಇಬ್ಬರ ಮಾತಿನಲ್ಲಿಯೂ ಸ್ವಲ್ಪ ಸತ್ಯವಿದೆ. ಆದರೆ ಈ ಜಗಳದ ಬೇರು ಯಾರೊಬ್ಬರ ಸಿಟ್ಟಿನಲ್ಲಿಲ್ಲ. ಒಂದೇ ದಾರಿಯಲ್ಲಿ ಸಾಗುವವರ ವೇಗ ಮತ್ತು ಭಾರಗಳ ಅಂತರದಲ್ಲಿದೆ.

ಇದನ್ನು ತರಗತಿಯಲ್ಲಿ ಕಲಿತ ಲೆಕ್ಕದಿಂದಲೇ ತಿಳಿಯಬಹುದು. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಸಾಗುತ್ತದೆ. ಅಪಾಯವನ್ನು ಕಂಡು ಬ್ರೇಕ್ ತುಳಿಯಲು ಚಾಲಕನಿಗೆ ಒಂದು ಸೆಕೆಂಡಾದರೂ ಬೇಕು. ಅಷ್ಟರಲ್ಲಿ ವಾಹನ 17 ಮೀಟರ್ ಮುಂದೆ ಬಂದಿರುತ್ತದೆ. ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಮಡಿಯಾಗುತ್ತದೆ. ಆದುದರಿಂದ ಗಂಟೆಗೆ 30 ಕಿಲೋಮೀಟರಿನ ಹೊಡೆತಕ್ಕೂ 60ರ ಹೊಡೆತಕ್ಕೂ ಇರುವ ವ್ಯತ್ಯಾಸ ಎರಡರಷ್ಟಲ್ಲ, ನಾಲ್ಕರಷ್ಟು. ಜನರೂ ವಾಹನಗಳೂ ಬೆರೆತು ಸಾಗುವ ಬೀದಿಗಳಲ್ಲಿ ವೇಗ 30ನ್ನು ಮೀರಬಾರದೆಂದು 2020ರಲ್ಲಿ ಸ್ಟಾಕ್‌ಹೋಮಿನಲ್ಲಿ ನಡೆದ ರಸ್ತೆ ಸುರಕ್ಷತೆಯ ವಿಶ್ವ ಸಮ್ಮೇಳನ ಘೋಷಿಸಿತು.

ಸೈಕಲ್ ಸವಾರ ಒಮ್ಮೊಮ್ಮೆ ರಸ್ತೆಯ ನಡುವಿಗೆ ಸರಿಯುವುದು ಹಟದಿಂದಲ್ಲ. ಅಂಚಿನಲ್ಲಿ ಗುಂಡಿ, ಜಲ್ಲಿ ಇರುತ್ತವೆ. ಮಳೆಗಾಲದಲ್ಲಿ ಗುಂಡಿಯ ಆಳವೂ ಕಾಣದು. ಚಾಲಕನಿಗೂ ತೊಡಕುಗಳಿವೆ. ಬಲಬದಿಯಲ್ಲಿ ಕುಳಿತ ಬಸ್ಸು, ಲಾರಿಗಳ ಚಾಲಕನಿಗೆ ಎಡಬದಿಗೆ ಒತ್ತಿಕೊಂಡ ಸೈಕಲ್ ಕಾಣದೆ ಹೋಗಬಹುದು. ಉದ್ದ ವಾಹನ ಎಡಕ್ಕೆ ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಬಾರದೆ ಇನ್ನಷ್ಟು ಒಳಗೆ ಸರಿಯುತ್ತದೆ. ಆಗ ಎಡಬದಿಯಲ್ಲಿರುವ ಸವಾರನಿಗೆ ಜಾಗವೇ ಉಳಿಯುವುದಿಲ್ಲ.

ಹಾಗಾದರೆ ದಾರಿಯನ್ನೇ ಪಾಲು ಮಾಡಿದರೆ ಹೇಗೆ? ಬೆಂಗಳೂರು 2020ರಲ್ಲಿ ಇದನ್ನು ಪ್ರಯತ್ನಿಸಿತು. ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಕಡೆಗೆ ಸೈಕಲುಗಳಿಗೆ ಪ್ರತ್ಯೇಕ ಪಥ ಗುರುತಿಸಲಾಯಿತು. ಆದರೆ ದಟ್ಟಣೆಯ ವೇಳೆಯಲ್ಲಿ ಬೈಕುಗಳು ಅದರೊಳಗೂ ನುಗ್ಗಿದವು. ಸೈಕಲ್ ಪಥದ ಮೇಲೆ ಮೋಟಾರು ವಾಹನ ನಡೆಸಕೂಡದೆಂದು 1989ರ ರಸ್ತೆ ನಿಯಮಗಳೇ ಹೇಳಿದ್ದವು. ನಿಯಮವಾಗಲಿ, ಬಣ್ಣದ ಗೆರೆಯಾಗಲಿ ತಾನಾಗಿ ಯಾರನ್ನೂ ಕಾಯಲಾರದು.

ಇಂದು ಸೈಕಲುಗಳ ನಾಡೆಂದು ಹೆಸರಾದ ನೆದರ್‌ಲೆಂಡ್ಸ್ ಕೂಡ ಮೊದಲಿನಿಂದಲೇ ಹಾಗಿರಲಿಲ್ಲ. 1971ರಲ್ಲಿ ಅಲ್ಲಿ ರಸ್ತೆ ಅಪಘಾತಗಳಲ್ಲಿ ಸುಮಾರು 3,300 ಮಂದಿ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು. ತಂದೆ ತಾಯಂದಿರು ಬೀದಿಗಿಳಿದು ಚಳವಳಿ ನಡೆಸಿದರು. ಆ ಬಳಿಕವೇ ಅಲ್ಲಿ ಪ್ರತ್ಯೇಕ ಸೈಕಲ್ ದಾರಿಗಳೂ ನಿಧಾನ ಸಂಚಾರದ ಬೀದಿಗಳೂ ಹೆಚ್ಚಿದವು.

ನೆಕ್ರಾಜೆ ಪೇಟೆಯಲ್ಲ, ಆದರೂ ಈ ಮಾತು ನಮ್ಮಿಂದ ದೂರವಿಲ್ಲ. ನಮ್ಮದು ಏರಿಳಿತದ, ತಿರುವುಗಳ ಊರು. ಇಳಿಜಾರಿನಲ್ಲಿ ಸೈಕಲಿಗೂ ವೇಗ ಬರುತ್ತದೆ, ತಿರುವಿನಾಚೆಯ ಬಸ್ಸು ಕಾಣುವುದಿಲ್ಲ. ಚೆರ್ಕಳಕ್ಕೆ ಹೋದರೆ 66ನೇ ರಾಷ್ಟ್ರೀಯ ಹೆದ್ದಾರಿ. ಅದನ್ನು ಆರು ಪಥಗಳಿಗೆ ಅಗಲಗೊಳಿಸುವ ಯೋಜನೆಯಲ್ಲಿ ಪಕ್ಕಕ್ಕೆ ಸರ್ವಿಸ್ ರಸ್ತೆಗಳಿವೆ. ಬಸ್ಸು, ರಿಕ್ಷಾ, ಬೈಕು, ಸೈಕಲು ಎಲ್ಲವೂ ಅಲ್ಲಿ ಹೊಂದಿಕೊಂಡೇ ಸಾಗಬೇಕು.

ವಿದ್ಯಾರ್ಥಿಗಳಾದ ನಾವು ಇಳಿಜಾರಿಗೆ ಮೊದಲೇ ಬ್ರೇಕ್ ನೋಡಿಕೊಳ್ಳೋಣ. ಇಬ್ಬರು ಮೂವರು ಸಾಲಾಗಿ ಹರಟುತ್ತ ಹೋಗದೆ ಒಬ್ಬರ ಹಿಂದೊಬ್ಬರು ಸಾಗೋಣ. ತಿರುಗುವ ಮೊದಲು ಹಿಂದೆ ನೋಡಿ ಕೈ ತೋರಿಸೋಣ. ನಿಂತ ಬಸ್ಸಿನ ಎಡಬದಿಯಲ್ಲಿ ನುಸುಳದಿರೋಣ. ಮುಸ್ಸಂಜೆಯಲ್ಲಿ ಬಿಳಿ ಅಂಗಿಯೂ ಒಂದು ದೀಪವಿದ್ದಂತೆ.

ವಾಹನ ನಡೆಸುವ ಹಿರಿಯರಲ್ಲಿ ನಮ್ಮ ವಿನಂತಿ ಇಷ್ಟೆ: ಸೈಕಲನ್ನು ಹಿಂದಿಕ್ಕುವಾಗ ಒಂದೂವರೆ ಮೀಟರ್ ಅಂತರ ಬಿಡಿ, ಅಷ್ಟು ಜಾಗವಿಲ್ಲದಿದ್ದರೆ ಸ್ವಲ್ಪ ಕಾಯಿರಿ. ಕಾರಿನ ಬಲಬಾಗಿಲನ್ನು ಎಡಗೈಯಿಂದ ತೆರೆಯಿರಿ. ಆಗ ಮೈ ತಾನಾಗಿ ಹೊರಳಿ, ಹಿಂದಿನಿಂದ ಬರುವ ಸೈಕಲ್ ಕಣ್ಣಿಗೆ ಬೀಳುತ್ತದೆ.

ತಪ್ಪು ಯಾರದೇ ಆಗಲಿ, ಬೀಳುವವನು ಸೈಕಲಿನವನೇ. ಎಚ್ಚರ ಇಬ್ಬರಿಗೂ ಬೇಕು; ಆದರೆ ಹೆಚ್ಚು ಬಲವುಳ್ಳವನ ಹೊಣೆಯೂ ಹೆಚ್ಚಿನದು. ಕಾಯುವ ಅರ್ಧ ನಿಮಿಷದಲ್ಲಿ ಚಾಲಕ ಕಳೆದುಕೊಳ್ಳುವುದು ಅಲ್ಪ; ಆ ಅರ್ಧ ನಿಮಿಷದಿಂದ ಒಂದು ಮಗು ಸುಖವಾಗಿ ಮನೆ ಸೇರಬಹುದು.