ತರಗತಿಯಲ್ಲಿ ಸಂಚಾರಿ ದೂರವಾಣಿ: ಉಪಯೋಗ ಮತ್ತು ಮಿತಿ

ಬೋಧನೆಗೆ ಹೊಸ ಉಪಕರಣವೊಂದನ್ನು ತರುವ ಪ್ರಯತ್ನ ನಮ್ಮ ದೇಶಕ್ಕೆ ಹೊಸದಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ಪೆಟ್ಟಿಗೆಗಳನ್ನು ಒದಗಿಸಲಾಗಿತ್ತು. ಕರ್ನಾಟಕದ ಹಳ್ಳಿಗಳೂ ಅವುಗಳಲ್ಲಿ ಸೇರಿದ್ದವು. ಬೆಳಗಿನ ವೇಳೆ ಶಾಲಾ ಮಕ್ಕಳಿಗಾಗಿ ಕನ್ನಡದಲ್ಲಿಯೂ ಕಾರ್ಯಕ್ರಮಗಳು ಬಿತ್ತರಗೊಳ್ಳುತ್ತಿದ್ದವು. ಆದರೆ ಅಂದಿನ ಪೆಟ್ಟಿಗೆ ಒಮ್ಮೆ ಹೇಳಿದ್ದನ್ನು ಮತ್ತೊಮ್ಮೆ ಹೇಳುತ್ತಿರಲಿಲ್ಲ. ಎದುರಿಗೆ ಕುಳಿತ ಮಗುವಿಗೆ ಅರ್ಥವಾಯಿತೇ ಇಲ್ಲವೇ ಎಂಬುದೂ ಅದಕ್ಕೆ ತಿಳಿಯುತ್ತಿರಲಿಲ್ಲ. ಇಂದು ಉಪಾಧ್ಯಾಯರ ಜೇಬಿನಲ್ಲಿರುವ ಸಂಚಾರಿ ದೂರವಾಣಿ, ಅಂದರೆ ಮೊಬೈಲ್, ಮೊದಲನೆಯ ಕೊರತೆಯನ್ನು ಪೂರ್ಣವಾಗಿ ನೀಗಿಸಿದೆ. ಪಾಠವನ್ನು ನಿಲ್ಲಿಸಬಹುದು, ಹಿಂದಕ್ಕೆ ತರಬಹುದು, ಹತ್ತು ಸಲ ಕೇಳಿಸಬಹುದು. ಎರಡನೆಯ ಕೊರತೆ ಮಾತ್ರ ಹಾಗೆಯೇ ಉಳಿದಿದೆ. ಮಗುವಿನ ಮುಖವನ್ನು ನೋಡಿ ಪಾಠವನ್ನು ಬದಲಿಸುವ ಕೆಲಸ ಇಂದಿಗೂ ಉಪಾಧ್ಯಾಯರದೇ. ತರಗತಿಯಲ್ಲಿ ಮೊಬೈಲಿನ ಬಳಕೆಯನ್ನು ಕುರಿತು ಯೋಚಿಸುವಾಗ ಈ ವ್ಯತ್ಯಾಸವನ್ನು ಮರೆಯಬಾರದು.

ಹೊರನಾಡಿನ ಕನ್ನಡಿಗರಿಗೆ ಈ ವಿಷಯದಲ್ಲಿ ವಿಶೇಷ ಆಸಕ್ತಿ ಇರಬೇಕಾದ ಕಾರಣವಿದೆ. ಮುಂಬಯಿ ಮಹಾನಗರ ಪಾಲಿಕೆಯ ಕನ್ನಡ ಶಾಲೆಗಳು, ಸೊಲ್ಲಾಪುರ ಮತ್ತು ಸಾಂಗಲಿ ಜಿಲ್ಲೆಗಳ ಗಡಿಭಾಗದ ಶಾಲೆಗಳು, ಕೇರಳದ ಕಾಸರಗೋಡಿನ ಶಾಲೆಗಳು ಕನ್ನಡ ಮಾಧ್ಯಮದಲ್ಲಿ ಪಾಠ ಹೇಳುತ್ತವೆ. ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ಬಹುತೇಕ ಮಕ್ಕಳಿಗೆ ಕನ್ನಡವು ಮನೆಯ ಮಾತಾಗಿ ಮಾತ್ರ ಉಳಿದಿದೆ. ಎರಡೂ ಕಡೆ ಪೂರಕ ಪುಸ್ತಕಗಳು ಕಡಿಮೆ. ಮಗುವು ಬೀದಿಯಲ್ಲಿ, ಅಂಗಡಿಯಲ್ಲಿ ಕನ್ನಡವನ್ನು ಕೇಳುವ ಸಂದರ್ಭಗಳೂ ಕಡಿಮೆ. ಬೆಂಗಳೂರಿನ ಮಗುವಿಗೆ ಮೊಬೈಲ್ ಹಲವು ಸಾಧನಗಳಲ್ಲಿ ಒಂದು. ಹೊರನಾಡಿನ ಮಗುವಿಗೆ ಶುದ್ಧವಾದ ಕನ್ನಡ ಧ್ವನಿಯನ್ನು ತಲುಪಿಸುವ ಏಕೈಕ ಸಾಧನವೂ ಅದೇ ಆಗಿರಬಹುದು.

ಪುಸ್ತಕದ ಮೇಲಿನ ಚೌಕ

ಪಠ್ಯಪುಸ್ತಕಗಳ ಪುಟಗಳಲ್ಲಿ ಈಗ ಕಪ್ಪು ಬಿಳುಪಿನ ಚಿಕ್ಕ ಚೌಕವೊಂದನ್ನು ಕಾಣುತ್ತೇವೆ. ಇದೇ ಕ್ಯೂಆರ್ ಸಂಕೇತ. 1994ರಲ್ಲಿ ಜಪಾನಿನ ಡೆನ್ಸೊ ಸಂಸ್ಥೆಯಲ್ಲಿ ಮೋಟಾರು ವಾಹನಗಳ ಬಿಡಿಭಾಗಗಳನ್ನು ಗುರುತಿಸಲು ರೂಪಿಸಿದ ಈ ಸಂಕೇತವು ಶಾಲೆಯ ಪುಸ್ತಕಕ್ಕೆ ಬಂದ ಕಥೆಯಲ್ಲಿ ಕನ್ನಡಕ್ಕೂ ಒಂದು ಪಾತ್ರವಿದೆ. ಸೊಲ್ಲಾಪುರ ಜಿಲ್ಲೆಯ ಪರಿತೆವಾಡಿಯ ಜಿಲ್ಲಾ ಪರಿಷತ್ ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿದ್ದ ಶ್ರೀ ರಣಜಿತ್‌ಸಿಂಹ ಡಿಸಲೆಯವರಿಗೆ 2020ರ ಡಿಸೆಂಬರಿನಲ್ಲಿ ಜಾಗತಿಕ ಶಿಕ್ಷಕ ಪ್ರಶಸ್ತಿ ದೊರೆಯಿತು. ಪ್ರಶಸ್ತಿ ನೀಡಿದ ಸಂಸ್ಥೆಯ ವಿವರಣೆಯಂತೆ, 2009ರಲ್ಲಿ ಅವರು ಆ ಶಾಲೆಗೆ ಬಂದಾಗ ಪಠ್ಯಪುಸ್ತಕಗಳು ಅಲ್ಲಿನ ಬಾಲಕಿಯರ ಮಾತೃಭಾಷೆಯಾದ ಕನ್ನಡದಲ್ಲಿ ಇರಲಿಲ್ಲ. ಅವರು ಮೊದಲು ತಾವೇ ಕನ್ನಡವನ್ನು ಕಲಿತರು; ಪಾಠಗಳನ್ನು ಮಕ್ಕಳ ಭಾಷೆಗೆ ತಂದರು; ಅನಂತರ ಧ್ವನಿಮುದ್ರಿತ ಪದ್ಯಗಳು, ಕಥೆಗಳು, ದೃಶ್ಯಪಾಠಗಳು ಮತ್ತು ಅಭ್ಯಾಸಗಳನ್ನು ಕ್ಯೂಆರ್ ಸಂಕೇತದ ಮೂಲಕ ಪುಸ್ತಕಕ್ಕೆ ಜೋಡಿಸಿದರು. ಪ್ರಶಸ್ತಿಯ ಹತ್ತು ಲಕ್ಷ ಡಾಲರುಗಳಲ್ಲಿ ಅರ್ಧವನ್ನು ಅವರು ಅಂತಿಮ ಸುತ್ತಿನ ಉಳಿದ ಒಂಬತ್ತು ಉಪಾಧ್ಯಾಯರೊಂದಿಗೆ ಹಂಚಿಕೊಂಡರು. ಇಲ್ಲಿ ಭಾಷೆ ಮೊದಲು ಬಂದಿತು, ಯಂತ್ರ ಆಮೇಲೆ ಬಂದಿತು ಎಂಬ ಅನುಕ್ರಮವನ್ನು ಗಮನಿಸಬೇಕು.

ಈ ಬಗೆಯ ಪಾಠಗಳನ್ನು ದೇಶದಾದ್ಯಂತ ಒದಗಿಸುವ ದೀಕ್ಷಾ ಎಂಬ ವೇದಿಕೆಯನ್ನು 2017ರ ಸೆಪ್ಟೆಂಬರ್ 5ರಂದು ಅಂದಿನ ಉಪರಾಷ್ಟ್ರಪತಿಗಳು ಉದ್ಘಾಟಿಸಿದರು. ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳ ಪಾಠಗಳು ಇದರಲ್ಲಿವೆ, ಬಳಕೆಗೆ ಶುಲ್ಕವಿಲ್ಲ. ದೀಕ್ಷಾ ಅಪ್ಲಿಕೇಷನ್ನಿನ ಮೂಲಕ ಮೊಬೈಲಿನ ಕ್ಯಾಮರಾವನ್ನು ಪುಸ್ತಕದ ಚೌಕದ ಮೇಲೆ ಹಿಡಿದರೆ ಆ ಪಾಠಕ್ಕೆ ಸಂಬಂಧಿಸಿದ ಸಾಮಗ್ರಿ ತೆರೆದುಕೊಳ್ಳುತ್ತದೆ. ಪುಟ ಹರಿದಿದ್ದರೆ ಅಥವಾ ಕ್ಯಾಮರಾ ಕೆಟ್ಟಿದ್ದರೆ ಚೌಕದ ಬಳಿ ಮುದ್ರಿಸಿರುವ ಆರು ಅಕ್ಷರ-ಅಂಕಿಗಳ ಸಂಕೇತವನ್ನು ಕೈಯಿಂದಲೇ ನಮೂದಿಸಬಹುದು. ಮನೆಯಲ್ಲಿಯೋ ಶಾಲೆಯ ಕಚೇರಿಯಲ್ಲಿಯೋ ಇಳಿಸಿಕೊಂಡ ಪಾಠವನ್ನು ತರಗತಿಯಲ್ಲಿ ಅಂತರಜಾಲದ ಸಂಪರ್ಕವಿಲ್ಲದೆ ತೋರಿಸಬಹುದು.

ಹೊರನಾಡಿನ ಉಪಾಧ್ಯಾಯರು ಒಂದು ಎಚ್ಚರಿಕೆ ವಹಿಸಬೇಕು. ಮಹಾರಾಷ್ಟ್ರದ ಕನ್ನಡ ಮಾಧ್ಯಮದ ಪುಸ್ತಕಗಳನ್ನು ಪ್ರಕಟಿಸುವುದು ಆ ರಾಜ್ಯದ ಬಾಲಭಾರತಿ ಸಂಸ್ಥೆ. ಕರ್ನಾಟಕದ ಪುಸ್ತಕಗಳ ಪಾಠಗಳಿಗೂ ಅವುಗಳ ಪಾಠಗಳಿಗೂ ಹೊಂದಾಣಿಕೆ ಇರುವುದಿಲ್ಲ. ಆದ್ದರಿಂದ ಭಾಷೆಯ ಜೊತೆಗೆ ರಾಜ್ಯವನ್ನೂ ಸರಿಯಾಗಿ ಆರಿಸಿಕೊಳ್ಳಬೇಕು. ಇಲ್ಲವಾದಲ್ಲಿ ಮಗು ಪರೀಕ್ಷೆಗೆ ಬಾರದ ಪಾಠವನ್ನು ಶ್ರದ್ಧೆಯಿಂದ ಓದುತ್ತಿರುತ್ತದೆ. ಇಂಗ್ಲಿಷ್ ಅಥವಾ ತಮಿಳು ಮಾಧ್ಯಮದಲ್ಲಿ ಓದುತ್ತ ಕನ್ನಡವನ್ನು ಮನೆಯಲ್ಲಿ ಕಲಿಯುವ ಮಕ್ಕಳಿಗೆ ಈ ತೊಡಕಿಲ್ಲ. ಅವರು ಕರ್ನಾಟಕದ ಕಿರಿಯ ಪ್ರಾಥಮಿಕ ತರಗತಿಗಳ ಪಾಠಗಳನ್ನು ನೇರವಾಗಿ ಬಳಸಬಹುದು.

ಒಂದು ಫೋನು, ಮೂವತ್ತು ಮಕ್ಕಳು

ಪ್ರತಿಯೊಬ್ಬ ವಿದ್ಯಾರ್ಥಿಯ ಕೈಯಲ್ಲಿಯೂ ಉಪಕರಣವಿದ್ದರೆ ಮಾತ್ರ ಪ್ರಯೋಜನ ಎಂಬ ಅಭಿಪ್ರಾಯ ಸಾಮಾನ್ಯವಾಗಿದೆ. ಅದು ಸರಿಯಲ್ಲ. ಉಪಾಧ್ಯಾಯರ ಒಂದೇ ಫೋನಿನಿಂದ ಆಗುವ ಕೆಲಸಗಳು ಬಹಳ; ಅವುಗಳಲ್ಲಿ ಅತ್ಯಂತ ಸರಳವಾದುದು ಧ್ವನಿಮುದ್ರಣ. ಇದಕ್ಕೆ ಅಂತರಜಾಲವೂ ಬೇಡ, ಹೊಸ ಅಪ್ಲಿಕೇಷನ್ನೂ ಬೇಡ.

ದೇವನಾಗರಿ ಲಿಪಿಯಲ್ಲಿ ಮೊದಲು ಓದಲು ಕಲಿತ ಮಗುವಿಗೆ ಕನ್ನಡದ ಎ ಮತ್ತು ಏ, ಒ ಮತ್ತು ಓ ಇವುಗಳ ವ್ಯತ್ಯಾಸ ಸುಲಭವಾಗಿ ಹಿಡಿತಕ್ಕೆ ಬರುವುದಿಲ್ಲ. ಏಕೆಂದರೆ ಮರಾಠಿ ಮತ್ತು ಹಿಂದಿಯ ಬರವಣಿಗೆಯಲ್ಲಿ ಈ ಹ್ರಸ್ವ ದೀರ್ಘಗಳಿಗೆ ಬೇರೆ ಬೇರೆ ಚಿಹ್ನೆಗಳ ಬಳಕೆಯಿಲ್ಲ. ಅಂತಹ ಮಗು ‘ಬೆಳೆ’ಯನ್ನು ‘ಬೇಳೆ’ ಎಂದು, ‘ಕೊಡು’ ಎಂಬುದನ್ನು ‘ಕೋಡು’ ಎಂದು ಓದುತ್ತದೆ. ತಮಿಳು ಲಿಪಿಯಲ್ಲಿ ಕ, ಖ, ಗ, ಘಗಳಿಗೆ ಒಂದೇ ಅಕ್ಷರವಿರುವುದರಿಂದ ಚೆನ್ನೈನ ಮಗುವಿನ ತೊಡಕು ಬೇರೆ ಬಗೆಯದು. ಉಪಾಧ್ಯಾಯರು ಮಗುವಿಗೆ ಒಂದು ನಿಮಿಷ ಗಟ್ಟಿಯಾಗಿ ಓದಲು ಹೇಳಿ ಅದನ್ನು ಮುದ್ರಿಸಿಕೊಳ್ಳಬೇಕು. ಕೂಡಲೇ ಅದನ್ನು ಮಗುವಿಗೇ ಕೇಳಿಸಿ, ತಪ್ಪಿದ ಕಡೆ ಪುಸ್ತಕದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಸಬೇಕು. ತನ್ನ ಧ್ವನಿಯನ್ನು ಮೊದಲ ಬಾರಿಗೆ ಕೇಳಿದ ಮಗು ನಗುತ್ತದೆ, ತರಗತಿಯೂ ನಗುತ್ತದೆ. ಅದಕ್ಕೂ ಎರಡು ನಿಮಿಷ ಬಿಟ್ಟುಕೊಡುವುದು ಒಳ್ಳೆಯದು. ದಿನಕ್ಕೆ ಐದು ಮಕ್ಕಳಂತೆ ಆರು ದಿನಗಳಲ್ಲಿ ಮೂವತ್ತು ಮಕ್ಕಳ ಸರದಿ ಮುಗಿಯುತ್ತದೆ. ಒಂದು ತಿಂಗಳ ಬಳಿಕ ಅದೇ ಪುಟವನ್ನು ಮತ್ತೆ ಓದಿಸಿ ಎರಡು ಮುದ್ರಣಗಳನ್ನು ಅಕ್ಕಪಕ್ಕದಲ್ಲಿ ಕೇಳಿಸಿದರೆ, ಅಂಕಪಟ್ಟಿ ಹೇಳದ ಪ್ರಗತಿಯನ್ನು ಮಗುವೂ ಅದರ ತಾಯಿತಂದೆಯರೂ ತಾವೇ ಅರಿಯುತ್ತಾರೆ.

ಪ್ರೌಢಶಾಲೆಯ ವಿಜ್ಞಾನದ ತರಗತಿಯಲ್ಲಿ ಫೋನು ಅಳತೆಯ ಉಪಕರಣವಾಗುತ್ತದೆ. ಜರ್ಮನಿಯ ಆಖೆನ್ ತಾಂತ್ರಿಕ ವಿಶ್ವವಿದ್ಯಾನಿಲಯವು ಉಚಿತವಾಗಿ ಒದಗಿಸಿರುವ ಫೈಫಾಕ್ಸ್ ಎಂಬ ಅಪ್ಲಿಕೇಷನ್ನಿನಲ್ಲಿ ಶಬ್ದದಿಂದ ಚಾಲೂ ಆಗಿ ಶಬ್ದದಿಂದಲೇ ನಿಲ್ಲುವ ಗಡಿಯಾರವಿದೆ. ಎರಡು ಫೋನುಗಳನ್ನು 17 ಮೀಟರ್ ದೂರದಲ್ಲಿ ಇರಿಸಿ, ಮೊದಲನೆಯದರ ಬಳಿ ಒಬ್ಬ ವಿದ್ಯಾರ್ಥಿ ಚಪ್ಪಾಳೆ ತಟ್ಟಲಿ. ಆ ಗಡಿಯಾರ ಕೂಡಲೇ ಚಾಲೂ ಆಗುತ್ತದೆ. ಎರಡನೆಯದು ಶಬ್ದ ತಲುಪಿದ ಮೇಲೆ ಚಾಲೂ ಆಗುತ್ತದೆ. ಬಳಿಕ ಎರಡನೆಯದರ ಬಳಿ ಇನ್ನೊಬ್ಬ ವಿದ್ಯಾರ್ಥಿ ತಟ್ಟಿದರೆ ಅದು ಕೂಡಲೇ ನಿಲ್ಲುತ್ತದೆ, ಮೊದಲನೆಯದು ತಡವಾಗಿ ನಿಲ್ಲುತ್ತದೆ. ಎರಡು ಗಡಿಯಾರಗಳ ನಡುವಣ ವ್ಯತ್ಯಾಸವು ಸುಮಾರು 0.1 ಸೆಕೆಂಡ್ ಬರುತ್ತದೆ. ಶಬ್ದವು ಒಟ್ಟು 34 ಮೀಟರ್ ಕ್ರಮಿಸಲು ತೆಗೆದುಕೊಂಡ ಕಾಲ ಇದು. ಭಾಗಿಸಿದರೆ ಸೆಕೆಂಡಿಗೆ 340 ಮೀಟರ್. ಪುಸ್ತಕದಲ್ಲಿ ಬಾಯಿಪಾಠ ಮಾಡಿದ ಸಂಖ್ಯೆಯನ್ನು ಶಾಲೆಯ ಓಣಿಯಲ್ಲಿಯೇ ಕಂಡುಕೊಂಡ ವಿದ್ಯಾರ್ಥಿ ಅದನ್ನು ಮರೆಯುವುದು ಕಷ್ಟ. ವಿಜ್ಞಾನಿ ಮನು ಪ್ರಕಾಶ್ ಮತ್ತು ಸಂಗಡಿಗರು ರೂಪಿಸಿದ ಫೋಲ್ಡ್‌ಸ್ಕೋಪ್ ಎಂಬ ಕಾಗದದ ಸೂಕ್ಷ್ಮದರ್ಶಕವನ್ನು ಫೋನಿನ ಕ್ಯಾಮರಾಕ್ಕೆ ಜೋಡಿಸಿ ಈರುಳ್ಳಿ ಸಿಪ್ಪೆಯ ಜೀವಕೋಶಗಳನ್ನು ಇಡೀ ತರಗತಿಗೆ ತೋರಿಸಲೂ ಸಾಧ್ಯವಿದೆ.

ಮಿತಿಗಳು

ಈ ಎಲ್ಲ ಉದಾಹರಣೆಗಳಲ್ಲಿ ಫೋನು ಉಪಾಧ್ಯಾಯರ ಅಂಕೆಯಲ್ಲಿದೆ, ಕೆಲವೇ ನಿಮಿಷ ಹೊರಬರುತ್ತದೆ, ಮತ್ತೆ ಒಳಗೆ ಹೋಗುತ್ತದೆ. ಮಕ್ಕಳ ಜೇಬಿನಲ್ಲಿ ಇಡೀ ದಿನ ಇರುವ ಫೋನಿನ ವಿಚಾರ ಬೇರೆ. ಇಂಗ್ಲೆಂಡಿನ ನಾಲ್ಕು ನಗರಗಳ 91 ಶಾಲೆಗಳನ್ನು ಕುರಿತು 2015ರಲ್ಲಿ ಪ್ರಕಟವಾದ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿನ ಅಧ್ಯಯನವೊಂದು, ವಿದ್ಯಾರ್ಥಿಗಳ ಮೊಬೈಲನ್ನು ನಿಷೇಧಿಸಿದ ಬಳಿಕ ಪರೀಕ್ಷೆಯ ಫಲಿತಾಂಶ ಉತ್ತಮಗೊಂಡಿತೆಂದು ಕಂಡುಕೊಂಡಿತು. ಹೆಚ್ಚಿನ ಲಾಭವಾದದ್ದು ಓದಿನಲ್ಲಿ ಹಿಂದುಳಿದವರಿಗೆ. ಮುಂದಿದ್ದವರ ಮೇಲೆ ಹೇಳಿಕೊಳ್ಳುವಂತಹ ಪರಿಣಾಮ ಕಾಣಲಿಲ್ಲ. ಅಂದರೆ ಗಮನಭಂಗದ ಬೆಲೆಯನ್ನು ತೆರುವವರು ದುರ್ಬಲ ವಿದ್ಯಾರ್ಥಿಗಳೇ.

ಆಫ್ರಿಕದ ಬೋಟ್ಸ್ವಾನ ದೇಶದಲ್ಲಿ 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ನಡೆದ ಪ್ರಯೋಗವು ಇದಕ್ಕಿಂತಲೂ ಬೋಧಪ್ರದವಾಗಿದೆ. ಸುಮಾರು 4,500 ಮನೆಗಳನ್ನು ಒಳಗೊಂಡ ಈ ಪ್ರಯೋಗದಲ್ಲಿ ಕೆಲವು ಮನೆಗಳಿಗೆ ವಾರಕ್ಕೊಮ್ಮೆ ಲೆಕ್ಕಗಳನ್ನು ಎಸ್‌ಎಂಎಸ್ ಮೂಲಕ ಕಳುಹಿಸಲಾಯಿತು. ಇನ್ನು ಕೆಲವಕ್ಕೆ ಎಸ್‌ಎಂಎಸ್ ಜೊತೆಗೆ ಬೋಧಕರು ವಾರಕ್ಕೊಮ್ಮೆ ಕರೆ ಮಾಡಿ ಹದಿನೈದು ಇಪ್ಪತ್ತು ನಿಮಿಷ ಮಾತನಾಡಿದರು. ಬರಿಯ ಸಂದೇಶದಿಂದ ಸ್ಪಷ್ಟ ಪ್ರಯೋಜನ ಕಾಣಲಿಲ್ಲ. ಕರೆ ಬಂದ ಮನೆಗಳ ಮಕ್ಕಳು ಲೆಕ್ಕದಲ್ಲಿ ಮುಂದುವರಿದರು. ಇದಕ್ಕೆ ದುಬಾರಿ ಫೋನು ಬೇಕಾಗಲಿಲ್ಲ. ತರಗತಿಯ ಗುಂಪಿಗೆ ದಿನಕ್ಕೆ ಹತ್ತು ಸಂದೇಶಗಳನ್ನು ಕಳುಹಿಸಿ ಕರ್ತವ್ಯ ಮುಗಿಯಿತೆಂದು ಭಾವಿಸುವ ಅಭ್ಯಾಸ ನಮ್ಮ ನಗರಗಳಲ್ಲಿ ಬೆಳೆಯುತ್ತಿರುವಾಗ ಈ ಫಲಿತಾಂಶ ಗಮನಾರ್ಹ.

ನಮ್ಮ ದೇಶದ ಗ್ರಾಮೀಣ ಭಾಗದಲ್ಲಿ 2024ರಲ್ಲಿ ನಡೆದ ‘ಅಸರ್’ ಸಮೀಕ್ಷೆಯಂತೆ, 14ರಿಂದ 16 ವರ್ಷದ ಮಕ್ಕಳಲ್ಲಿ ಶೇಕಡಾ 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಅವರಲ್ಲಿ ಸಮೀಕ್ಷೆಯ ಹಿಂದಿನ ವಾರದಲ್ಲಿ ಓದಿಗೆ ಸಂಬಂಧಿಸಿದ ಕೆಲಸಕ್ಕೆ ಅದನ್ನು ಬಳಸಿದವರು ಶೇಕಡಾ 57, ಸಾಮಾಜಿಕ ಜಾಲತಾಣಗಳಿಗೆ ಬಳಸಿದವರು ಶೇಕಡಾ 76. ಸ್ವಂತ ಫೋನು ಇರುವವರ ಪ್ರಮಾಣ ಬಾಲಕಿಯರಲ್ಲಿ ಬಾಲಕರಿಗಿಂತ ಕಡಿಮೆ. ಆದುದರಿಂದ ಮನೆಗೆಲಸವನ್ನು ಫೋನಿನಲ್ಲಿಯೇ ಮಾಡಬೇಕೆಂದು ವಿಧಿಸಿದರೆ, ಅಣ್ಣನೋ ತಮ್ಮನೋ ಫೋನು ಬಿಟ್ಟುಕೊಡುವವರೆಗೆ ಹುಡುಗಿ ಕಾಯಬೇಕಾಗುತ್ತದೆ. ಫೋನಿನ ಕೆಲಸವನ್ನು ತರಗತಿಯಲ್ಲಿಯೇ ಮುಗಿಸಿ, ಮನೆಗೆ ಕಾಗದ ಪೆನ್ಸಿಲಿನ ಕೆಲಸ ಕೊಡುವುದು ಹೆಚ್ಚು ನ್ಯಾಯವಾದ ಕ್ರಮ.

ಮಕ್ಕಳ ಧ್ವನಿ ಮತ್ತು ಭಾವಚಿತ್ರಗಳನ್ನು ಮುದ್ರಿಸುವ ಮೊದಲು ಪಾಲಕರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯತಕ್ಕದ್ದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು 18 ವರ್ಷದೊಳಗಿನವರನ್ನೆಲ್ಲ ಮಕ್ಕಳೆಂದು ಪರಿಗಣಿಸಿ, ಅವರ ಮಾಹಿತಿಯ ಬಳಕೆಗೆ ಪಾಲಕರ ಸಮ್ಮತಿ ಅಗತ್ಯವೆಂದು ಹೇಳುತ್ತದೆ. ಮುದ್ರಣಗಳನ್ನು ತರಗತಿಯ ಗುಂಪಿಗೆ ಕಳುಹಿಸದೆ ಆಯಾ ಮಗುವಿನ ಮನೆಯವರಿಗೆ ಮಾತ್ರ ಕೇಳಿಸುವುದು ಉಚಿತ. ವರ್ಷಾಂತ್ಯದಲ್ಲಿ ಅವುಗಳನ್ನು ಅಳಿಸಿಹಾಕಬೇಕು.

ಫೋನು ಇಲ್ಲದ ಮನೆಗಳಿಗೆ ಟೆಲಿವಿಷನ್ ಇಂದಿಗೂ ಉಪಯುಕ್ತ. 2020ರ ಮೇ ತಿಂಗಳಲ್ಲಿ ಪ್ರಕಟವಾದ ಪಿಎಂ ಇ-ವಿದ್ಯಾ ಯೋಜನೆಯಲ್ಲಿ ಒಂದರಿಂದ ಹನ್ನೆರಡನೆಯ ತರಗತಿಯವರೆಗೆ ತರಗತಿಗೊಂದರಂತೆ ಆರಂಭವಾದ ವಾಹಿನಿಗಳ ಸಂಖ್ಯೆಯನ್ನು ಅನಂತರ 200ಕ್ಕೆ ಹೆಚ್ಚಿಸಲಾಯಿತು. ತಮ್ಮ ರಾಜ್ಯಕ್ಕೆ ಮೀಸಲಾದ ವಾಹಿನಿಗಳಲ್ಲಿ ಕನ್ನಡ ಮಾಧ್ಯಮದ ಪಾಠಗಳು ಬರುತ್ತವೆಯೇ, ಯಾವ ವೇಳೆಗೆ ಬರುತ್ತವೆ ಎಂಬುದನ್ನು ಶಾಲೆಯ ಮುಖ್ಯೋಪಾಧ್ಯಾಯರು ವಿಚಾರಿಸಿ ತಿಳಿದುಕೊಂಡು ಸೂಚನಾಫಲಕದಲ್ಲಿ ಪ್ರಕಟಿಸಬಹುದು.