ರಿಸರ್ವ್ ಬ್ಯಾಂಕ್ ನಿಯಮಗಳ ಅಧ್ಯಯನ: ಸಣ್ಣ ಉದ್ಯಮಿಗೂ ಅಗತ್ಯ

ಕೇಂದ್ರ ಬ್ಯಾಂಕಿಂಗ್ ಹಾಗೂ ಹಣಕಾಸು ನಿಯಂತ್ರಣವು ಬ್ಯಾಂಕ್ ಅಧಿಕಾರಿಗಳು ಬಡ್ತಿಗಾಗಿ ಓದುವ ವಿಷಯವೆಂಬ ಭಾವನೆ ವರ್ತಕರಲ್ಲಿ ಸಾಮಾನ್ಯ. ಆದರೆ ರಾಜಾಜಿನಗರ, ಕಾಮಾಕ್ಷಿಪಾಳ್ಯ ಅಥವಾ ಕೆಂಗೇರಿಯಾಚೆಯ ಕುಂಬಳಗೋಡಿನ ಸಣ್ಣ ಘಟಕವೊಂದರ ಸಾಲದ ಬಡ್ಡಿ, ಅವಧಿಪೂರ್ವ ಮರುಪಾವತಿಯ ಶುಲ್ಕ, ಖಾತೆಯು ಅನುತ್ಪಾದಕವೆನಿಸುವ ಗಡುವು ಇವೆಲ್ಲವೂ ಭಾರತೀಯ ರಿಸರ್ವ್ ಬ್ಯಾಂಕಿನ ನಿಯಮಗಳಿಗೆ ಒಳಪಟ್ಟಿವೆ. ನಿಯಮವನ್ನರಿಯದ ಉದ್ಯಮಿಯು ತನಗೆ ಸಲ್ಲಬೇಕಾದುದನ್ನೂ ಕೇಳಲಾರನು.

ಎರಡು ಉದಾಹರಣೆಗಳು

2019ರ ಅಕ್ಟೋಬರ್ 1ರಿಂದ ವಾಣಿಜ್ಯ ಬ್ಯಾಂಕುಗಳು ಕಿರು ಮತ್ತು ಸಣ್ಣ ಉದ್ದಿಮೆಗಳಿಗೆ ಬದಲಾಗುವ ಬಡ್ಡಿದರದಲ್ಲಿ ನೀಡುವ ಹೊಸ ಸಾಲಗಳನ್ನು ರೆಪೊ ದರದಂತಹ ಬಾಹ್ಯ ಮಾನದಂಡಕ್ಕೆ ಜೋಡಿಸಬೇಕು. ಕನಿಷ್ಠ ಮೂರು ತಿಂಗಳಿಗೊಮ್ಮೆ ದರವನ್ನು ಪರಿಷ್ಕರಿಸಬೇಕು. 2025ರ ಫೆಬ್ರವರಿಯಿಂದ ಡಿಸೆಂಬರ್‌ವರೆಗೆ ರೆಪೊ ದರವು ಶೇ. 6.50ರಿಂದ ಶೇ. 5.25ಕ್ಕೆ ಇಳಿಯಿತು. 40 ಲಕ್ಷ ರೂ. ಬಾಕಿಯ ಮೇಲೆ ಶೇ. 1.25ರ ಇಳಿಕೆಯೆಂದರೆ ವರ್ಷಕ್ಕೆ 50,000 ರೂ. ಉಳಿತಾಯ. ಹಳೆಯ ಎಂಸಿಎಲ್‌ಆರ್ ಪದ್ಧತಿಯಲ್ಲಿಯೇ ಉಳಿದ ಸಾಲಕ್ಕೆ ಈ ಲಾಭ ಅಷ್ಟು ಬೇಗ ತಲುಪುವುದಿಲ್ಲ. ಬದಲಾವಣೆಯನ್ನು ಉದ್ಯಮಿಯೇ ಕೋರಬೇಕಾಗುತ್ತದೆ.

ಎರಡನೆಯದು, ಅವಧಿಪೂರ್ವ ಮರುಪಾವತಿ. 2026ರ ಜನವರಿ 1ರಂದು ಅಥವಾ ಅನಂತರ ಮಂಜೂರಾದ ಇಲ್ಲವೆ ನವೀಕರಣಗೊಂಡ, ಬದಲಾಗುವ ಬಡ್ಡಿದರದ ವ್ಯಾಪಾರಿ ಸಾಲಗಳ ಮೇಲೆ ವಾಣಿಜ್ಯ ಬ್ಯಾಂಕುಗಳು ಕಿರು ಮತ್ತು ಸಣ್ಣ ಉದ್ದಿಮೆಗಳಿಂದ ಈ ಶುಲ್ಕವನ್ನು ವಿಧಿಸುವಂತಿಲ್ಲ. ಶೇ. 2ರ ದರದಲ್ಲಿ 40 ಲಕ್ಷಕ್ಕೆ 80,000 ರೂ. ಶುಲ್ಕವಾಗುತ್ತಿತ್ತು. ಕಿರು ಹಣಕಾಸು ಬ್ಯಾಂಕು ಹಾಗೂ ಸಹಕಾರಿ ಬ್ಯಾಂಕುಗಳಿಗೆ ನಿಯಮ ಭಿನ್ನವಾದುದರಿಂದ ಸಾಲ ನೀಡಿದ ಸಂಸ್ಥೆ ಯಾವ ವರ್ಗದ್ದೆಂಬುದನ್ನು ಮೊದಲು ತಿಳಿಯಬೇಕು.

ಅಧ್ಯಯನಕ್ಕೆ ಇರುವ ಅವಕಾಶಗಳು

1928ರಲ್ಲಿ ಸ್ಥಾಪಿತವಾದ ಭಾರತೀಯ ಬ್ಯಾಂಕಿಂಗ್ ಮತ್ತು ಹಣಕಾಸು ಸಂಸ್ಥೆಯ (ಐಐಬಿಎಫ್) ಸಿಎಐಐಬಿ ಪರೀಕ್ಷೆಯಲ್ಲಿ ಕೇಂದ್ರ ಬ್ಯಾಂಕಿಂಗ್ ಒಂದು ಐಚ್ಛಿಕ ವಿಷಯವಾಗಿದೆ. ಆ ಪರೀಕ್ಷೆ ಬ್ಯಾಂಕ್ ನೌಕರರಿಗೆ ಮೀಸಲು. ಇತರರಿಗೆ ಕೆಲವು ಪ್ರಮಾಣಪತ್ರ ಪರೀಕ್ಷೆಗಳಿವೆ. 2017ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಸ್ವಯಂ’ ಜಾಲತಾಣದಲ್ಲಿ ಬ್ಯಾಂಕಿಂಗ್ ಮತ್ತು ಹಣಕಾಸಿನ ಪಾಠಗಳನ್ನು ಉಚಿತವಾಗಿ ಕಲಿಯಬಹುದು. ಪ್ರಮಾಣಪತ್ರ ಬೇಕಾದವರು ಮಾತ್ರ ಪರೀಕ್ಷಾ ಶುಲ್ಕ ತೆರಬೇಕು. ಅದರ ನಿರ್ವಹಣಾ ವಿಷಯಗಳ ಸಂಯೋಜಕ ಸಂಸ್ಥೆ ಬೆಂಗಳೂರಿನ ಐಐಎಂ. ಷೇರುಪೇಟೆಯ ನಿಯಂತ್ರಣವನ್ನು ಅರಿಯಬಯಸುವವರಿಗೆ ಸೆಬಿ ಸ್ಥಾಪಿಸಿದ ಎನ್‌ಐಎಸ್‌ಎಂ ಸಂಸ್ಥೆಯ ಪರೀಕ್ಷೆಗಳಿವೆ. ಮೂಲ ನಿಯಮಗಳಾದರೋ ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿಯೇ ಉಚಿತವಾಗಿ ಲಭ್ಯ.

ಆರಂಭಿಸುವ ಬಗೆ

ಮಾಲೀಕರಿಗೆ ಬಿಡುವಿಲ್ಲದಿದ್ದಲ್ಲಿ ಲೆಕ್ಕಪತ್ರ ವಿಭಾಗದ ಒಬ್ಬರನ್ನು ವಾರಕ್ಕೆ ಎರಡು ಗಂಟೆ ಇದಕ್ಕೆ ನಿಯೋಜಿಸಬಹುದು. ಬಡ್ಡಿದರ, ಸಾಲದ ಶುಲ್ಕಗಳು, ಅನುತ್ಪಾದಕ ಆಸ್ತಿ, ದೂರು ಪರಿಹಾರ ಎಂಬ ಕ್ರಮದಲ್ಲಿ ಓದುವುದು ಅನುಕೂಲಕರ. ಓದುವಾಗ ಸ್ವಂತ ಸಾಲದ ಮಂಜೂರಾತಿ ಪತ್ರ ಪಕ್ಕದಲ್ಲಿರಲಿ. ಪ್ರತಿ ನಿಯಮವನ್ನೂ ಅದರ ಷರತ್ತುಗಳೊಡನೆ ಹೋಲಿಸಿ ನೋಡಿದಾಗ ಮಾತ್ರ ಕಲಿಕೆಯು ಉದ್ದಿಮೆಯ ಲೆಕ್ಕಪುಸ್ತಕದಲ್ಲಿ ಉಳಿತಾಯವಾಗಿ ಕಾಣಿಸಿಕೊಳ್ಳುತ್ತದೆ.